ನೀನ್ಯಾರು ಅಂತ ವೈಫೈಯನ್ನು ಕೇಳಿದ್ದೀರಾ?

ಸೆಪ್ಟೆಂಬರ್ ಬಂತೆಂದರೆ ನಾನೀಗ ಇರುವ ನೆದರ್‌ಲೆಂಡ್ಸಿನ ಈ ಊರಿಗೆ ಹೊಸ ವಿದ್ಯಾರ್ಥಿಗಳ ದಂಡೇ ಬಂದಿಳಿಯುತ್ತದೆ. ಅದರಲ್ಲಿ ನಾಲ್ಕೈದು ಮಂದಿಯಾದರೂ ಕನ್ನಡದವರು ಇದ್ದೇ ಇರುತ್ತಾರೆ. ಬಂದವರು ಮೊದಲು ಕೇಳುವುದು ಅಕ್ಕಿ ಬೇಳೆ ಎಲ್ಲಿ ಸಿಗುತ್ತೆ ಅಂತ ಇರಬಹುದು, ಚಳಿಗೆ ಎಂಥ ಜಾಕೆಟ್ ಬೇಕು ಅಂತ ಇರಬಹುದು ಎಂದು ನೀವು ಅಂದುಕೊಂಡಿದ್ದರೆ... ಊಹೂಂ. "ಅಣ್ಣ, ಯೂನಿವರ್ಸಿಟಿ ವೈಫೈ ಲ್ಯಾಪ್‌ಟಾಪಿಗೆ ಹೆಂಗೆ ಹಾಕೋದು?" ಇದೇ ಮೊದಲ ಪ್ರಶ್ನೆ!

ನಗಬೇಡಿ, ಅವರ ಕಷ್ಟ ನಿಜವಾದದ್ದೇ. ಇಲ್ಲಿ ಟೈಮ್‌ಟೇಬಲ್ಲು ನೋಟೀಸ್ ಬೋರ್ಡಿನಲ್ಲಿ ಇರುವುದಿಲ್ಲ. ಯಾವ ವಿಷಯ ತಗೋತೀರಿ ಅನ್ನುವುದರಿಂದ ಹಿಡಿದು ಅಸೈನ್‌ಮೆಂಟು, ಮಾರ್ಕ್ಸು, ಮೇಷ್ಟರ ಪತ್ರ ಎಲ್ಲವೂ ಆನ್‌ಲೈನಲ್ಲೇ. ಊರಿನಿಂದ ತಂದ ಸಿಮ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಇಲ್ಲಿಯದ್ದು ಇನ್ನೂ ಕೊಂಡಿರುವುದಿಲ್ಲ. ಲ್ಯಾಪ್‌ಟಾಪು ಕನೆಕ್ಟ್ ಆಗದಿದ್ದರೆ ಹುಡುಗ ಬಂದೂ ಬರದ ಹಾಗೆ.

ಮನೆಯ ವೈಫೈ ಆದರೆ ಸುಲಭ. ಮನೆಮಂದಿಗೆಲ್ಲ ಒಂದೇ ಪಾಸ್‌ವರ್ಡು, ನೆಂಟರು ಬಂದರೆ ಅವರಿಗೂ ಅದೇ. ವಿಶ್ವವಿದ್ಯಾಲಯದ್ದು ಹಾಗಲ್ಲ. ಪಟ್ಟಿಯಲ್ಲಿ 'ಎಜುರೋಮ್' ಅನ್ನುವ ಹೆಸರು ಕಾಣಿಸುತ್ತದೆ. ಅದನ್ನು ಮುಟ್ಟಿದರೆ ಸಾಕು, ಈಎಪಿ ಮೆಥಡ್ ಯಾವುದು, ಫೇಸ್ ಟು ಅಥೆಂಟಿಕೇಷನ್ ಯಾವುದು, ಸಿಎ ಸರ್ಟಿಫಿಕೇಟ್ ಯಾವುದು, ಡೊಮೇನ್ ಯಾವುದು, ಐಡೆಂಟಿಟಿ ಏನು, ಅನಾನಿಮಸ್ ಐಡೆಂಟಿಟಿ ಏನು... ಸಬ್ ರಿಜಿಸ್ಟ್ರಾರ್ ಆಫೀಸಿನ ಫಾರಂ ಇದ್ದ ಹಾಗೆ! ತುಂಬುವುದು ಹೇಗೆ ಅಂತ ಹೇಳುವ ಪುಟ ಇರುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ ಬೇಕಾದರೆ ಫಾರಂ ತುಂಬಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು :-)

ಆಗ ಪಕ್ಕದ ರೂಮಿನ ಸೀನಿಯರ್ ಒಬ್ಬರು ಬಂದು ಎರಡೇ ನಿಮಿಷದಲ್ಲಿ ಮಾಡಿಕೊಟ್ಟುಬಿಡುತ್ತಾರೆ. ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ನಾನು ಬರೆಯಬೇಕು ಅಂತ ಹೊರಟದ್ದು ಆ ಎರಡು ನಿಮಿಷದ ಬಗ್ಗೆಯೇ. ಅದಕ್ಕೆ ಮೊದಲು, ಈ ಫಾರಂ ಇಷ್ಟು ಉದ್ದ ಯಾಕೆ ಅಂತ ಹೇಳಿಬಿಡುತ್ತೇನೆ.

* * *

ಛತ್ರದಲ್ಲಿ ಮದುವೆ ನಡೆಯುತ್ತಿದೆ ಅಂದುಕೊಳ್ಳಿ. ಬಾಗಿಲಲ್ಲಿ ಪನ್ನೀರು ಹಾಕುತ್ತಾ ನಿಂತ ಹುಡುಗನಿಗೆ ನಿಮ್ಮ ಪರಿಚಯವಿಲ್ಲ. ನೀವು "ರಾಮಣ್ಣನವರ ಕಡೆಯವನು" ಅನ್ನುತ್ತೀರಿ. ಅವನು ಒಳಗೆ ಹೇಳಿ ಕಳಿಸುತ್ತಾನೆ. ರಾಮಣ್ಣನವರು "ಹೌದು, ನಮ್ಮವನೇ, ಒಳಗೆ ಬಿಡು" ಅಂದರೆ ನಿಮಗೆ ಎಲೆ ಹಾಕುತ್ತಾರೆ. ಇಲ್ಲೂ ಅದೇ. ಗೋಡೆಯ ಮೇಲೆ ಮಿಣುಕು ದೀಪ ಹಾಕಿಕೊಂಡು ಕೂತಿರುವ ಆಕ್ಸೆಸ್ ಪಾಯಿಂಟ್ ಅಂದರೆ ಬಾಗಿಲ ಹುಡುಗ. ನಿಮ್ಮ ಪಾಸ್‌ವರ್ಡು ಅದಕ್ಕೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಅದು ನಿಮ್ಮ ಮಾತನ್ನು ಒಳಗಿರುವ ರೇಡಿಯಸ್ ಸರ್ವರ್ ಎಂಬ ಯಜಮಾನರಿಗೆ ಮುಟ್ಟಿಸುತ್ತದೆ ಅಷ್ಟೇ. ಯಜಮಾನರು ಹೂಂ ಅಂದರೆ ಬಾಗಿಲು ತೆರೆಯುತ್ತದೆ. ಇದರ ಶಾಸ್ತ್ರೀಯ ಹೆಸರು 802.1ಎಕ್ಸ್.

ವೈರ್‌ಲೆಸ್ಸಿಗೂ ವಿಶ್ವವಿದ್ಯಾಲಯಗಳಿಗೂ ಹಳೆಯ ನಂಟು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ತಂತಿ ಎಳೆಯುವ ಬದಲು ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಮಾತಾಡಿಸಿದರು. ಅದೇ ಅಲೋಹಾನೆಟ್. ಇಬ್ಬರು ಒಟ್ಟಿಗೆ ಮಾತಾಡಿ ಗೋಜಲಾದರೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿ ಅನ್ನುವ ಅದರ ಸರಳ ನಿಯಮದ ಮರಿಮಕ್ಕಳು ಇವತ್ತಿನ ವೈಫೈನಲ್ಲೂ ಇದ್ದಾರೆ. 1993ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಹಿಲ್ಸ್ ಅವರ ಮುಂದಾಳತ್ವದಲ್ಲಿ 'ವೈರ್‌ಲೆಸ್ ಆಂಡ್ರ್ಯೂ' ಶುರುವಾಯಿತು. 802.11 ಅನ್ನುವ ವೈಫೈ ಮಾನದಂಡ ಹೊರಬಂದದ್ದು 1997ರಲ್ಲಿ, ಆಮೇಲೆ!

ಎಜುರೋಮ್ ಹುಟ್ಟಿದ್ದು ಮಾತ್ರ ಇಲ್ಲೇ, ಈ ಡಚ್ಚರ ನೆಲದಲ್ಲಿ. 2002ರಲ್ಲಿ ಸರ್ಫ್‌ನೆಟ್ ಎಂಬ ಇಲ್ಲಿಯ ಶೈಕ್ಷಣಿಕ ಜಾಲ ಸಂಸ್ಥೆಯಲ್ಲಿದ್ದ ಕ್ಲಾಸ್ ವಿಯರೆಂಗಾ ಅವರಿಗೆ ಒಂದು ಯೋಚನೆ ಬಂತು. ಒಂದು ವಿಶ್ವವಿದ್ಯಾಲಯದವರು ಇನ್ನೊಂದಕ್ಕೆ ಹೋದಾಗ ಪ್ರತಿಸಲ ಗೆಸ್ಟ್ ಪಾಸ್‌ವರ್ಡಿಗೆ ಅಲೆಯುವುದು ಯಾಕೆ? ರಾಮಣ್ಣನವರು ಅದೇ ಛತ್ರದಲ್ಲೇ ಇರಬೇಕು ಅಂತೇನಿದೆ, ಅವರು ಬೇರೆ ಊರಿನಲ್ಲಿದ್ದರೂ ಹೇಳಿ ಕಳಿಸಿ ಕೇಳಬಹುದಲ್ಲ? ಮೊದಲು ಸೇರಿದ್ದು ನೆದರ್‌ಲೆಂಡ್ಸ್, ಜರ್ಮನಿ, ಫಿನ್‌ಲ್ಯಾಂಡ್, ಪೋರ್ಚುಗಲ್, ಕ್ರೊಯೇಷಿಯಾ ಮತ್ತು ಬ್ರಿಟನ್ನಿನ ಸಂಸ್ಥೆಗಳು. 2004ರ ಡಿಸೆಂಬರಿನಲ್ಲಿ ಯುರೋಪಿನ ಹೊರಗಿನಿಂದ ಮೊದಲನೆಯದಾಗಿ ಆಸ್ಟ್ರೇಲಿಯಾ ಸೇರಿತು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಇದನ್ನು ನಡೆಸುವುದು ಅರ್ನೆಟ್ ಇಂಡಿಯಾ. 1986ರಲ್ಲಿ ಶುರುವಾದ ಆ ಅರ್ನೆಟ್ ಯೋಜನೆಯ ಮೊದಲ ಪಾಲುದಾರರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ಹಾಗಾಗಿ ಇಲ್ಲಿಯ ವಿದ್ಯಾರ್ಥಿಯೊಬ್ಬ ಭಾರತದ ಯಾವುದೋ ಸದಸ್ಯ ಸಂಸ್ಥೆಗೆ ಹೋಗಿ ಲ್ಯಾಪ್‌ಟಾಪು ತೆರೆದರೆ ಅವನ ಅರ್ಜಿ ಆ ಸಂಸ್ಥೆಯಿಂದ ದೇಶದ ಸರ್ವರಿಗೆ, ಅಲ್ಲಿಂದ ಏಷ್ಯಾದ ಸರ್ವರಿಗೆ, ಅಲ್ಲಿಂದ ಯುರೋಪಿನದ್ದಕ್ಕೆ, ಅಲ್ಲಿಂದ ನೆದರ್‌ಲೆಂಡ್ಸಿಗೆ, ಕೊನೆಗೆ ಅವನದೇ ವಿಶ್ವವಿದ್ಯಾಲಯಕ್ಕೆ ಬಂದು, "ಹೌದು, ನಮ್ಮವನೇ" ಅನ್ನಿಸಿಕೊಂಡು ವಾಪಸ್ಸು ಹೋಗುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ! ಎಲ್ಲಿಗೆ ಕಳಿಸಬೇಕು ಅಂತ ತಿಳಿಯುವುದು ನಿಮ್ಮ ಹೆಸರಿನಲ್ಲಿ @ ಆದಮೇಲೆ ಬರುವ ಭಾಗದಿಂದ. ಅದು ಮನೆತನದ ಹೆಸರಿದ್ದ ಹಾಗೆ. ಬರೀ ಯೂಸರ್‌ನೇಮ್ ಹಾಕಿದರೆ ಕೆಲವು ಕಡೆ ನಿಮ್ಮ ಸ್ವಂತ ಕ್ಯಾಂಪಸ್ಸಿನಲ್ಲಿ ನಡೆದೀತು, ಪರವೂರಿನಲ್ಲಿ "ಯಾರ ಮನೆಯವನಪ್ಪಾ ನೀನು?" ಅಂತ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಇನ್ನೊಂದು ಚೆಂದದ ಸಂಗತಿ. ಪಾಸ್‌ವರ್ಡು ಇಷ್ಟು ದೂರ ಹೋದರೂ ದಾರಿಯಲ್ಲಿ ಯಾರೂ ಅದನ್ನು ನೋಡಲಾರರು. ಅದು ಅರಗಿನ ಮುದ್ರೆ ಹಾಕಿದ ಲಕೋಟೆಯೊಳಗೆ ಹೋಗುತ್ತದೆ, ಬಿಚ್ಚುವುದು ಕೊನೆಯ ಯಜಮಾನರು ಮಾತ್ರ. ಅನಾನಿಮಸ್ ಐಡೆಂಟಿಟಿ ಅಂತ ಕೇಳುತ್ತದಲ್ಲ, ಅದು ಲಕೋಟೆಯ ಹೊರಗಿನ ವಿಳಾಸ. ಅಲ್ಲಿ ಮನೆತನದ ಹೆಸರಷ್ಟೇ ಇದ್ದರೆ ಸಾಕು, ನಿಮ್ಮ ಹೆಸರು ಒಳಗಿರುತ್ತದೆ.

* * *

ಎಲ್ಲ ಸರಿ, ಆದರೆ ಲಕೋಟೆ ತೆಗೆದುಕೊಂಡವರು ನಿಜವಾಗಲೂ ರಾಮಣ್ಣನವರೇನಾ?

ರಸ್ತೆಯ ಆಚೆ ಇನ್ನೊಂದು ಛತ್ರಕ್ಕೆ ಯಾರೋ ಚಪ್ಪರ ಹಾಕಿ, ಬಾಳೆಕಂಬ ಕಟ್ಟಿ, ಅದೇ ವಧೂವರರ ಹೆಸರಿನ ಬೋರ್ಡು ನಿಲ್ಲಿಸಿ, ಒಬ್ಬ ಪಂಚೆಯವರನ್ನು ಕೂರಿಸಿದರು ಅನ್ನಿ. ಬಂದವರೆಲ್ಲ ಮುಯ್ಯಿಯ ಕವರು ಅವರ ಕೈಗಿಟ್ಟು ಹೋದರೆ? ವೈಫೈನಲ್ಲಿ ಈ ನಾಟಕ ತೀರಾ ಸುಲಭ. 'ಎಜುರೋಮ್' ಅನ್ನುವ ಹೆಸರನ್ನು ಯಾರು ಬೇಕಾದರೂ ತಮ್ಮ ಉಪಕರಣಕ್ಕೆ ಇಟ್ಟುಕೊಳ್ಳಬಹುದು. ಬಸ್ ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, ಕಾಫಿ ಅಂಗಡಿಯಲ್ಲಿ... ನಿಮ್ಮ ಲ್ಯಾಪ್‌ಟಾಪು, ಫೋನು ಆ ಹೆಸರು ಕಂಡ ಕೂಡಲೇ "ನಮ್ಮನೆಯೇ" ಅಂತ ಓಡಿಹೋಗುತ್ತವೆ. ಫೋನು ಜೇಬಿನಲ್ಲೇ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇದಕ್ಕಾಗಿಯೇ ಸರ್ಟಿಫಿಕೇಟು ಇರುವುದು. ನಿಮ್ಮ ಗುರುತು ಕೇಳುವ ಮೊದಲು ಸರ್ವರು ತನ್ನ ಗುರುತಿನ ಚೀಟಿ ತೋರಿಸಬೇಕು. ಲ್ಯಾಪ್‌ಟಾಪು ಎರಡು ವಿಷಯ ನೋಡಬೇಕು. ಚೀಟಿಗೆ ಸಹಿ ಹಾಕಿದವರು ನಂಬಿಕಸ್ಥರಾ? ಚೀಟಿಯಲ್ಲಿರುವ ಹೆಸರು ನಮ್ಮ ವಿಶ್ವವಿದ್ಯಾಲಯದ್ದೇನಾ? ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಉಪಯೋಗವಿಲ್ಲ. ಯಾಕೆಂದರೆ ಕಳ್ಳನೂ ತನ್ನ ಹೆಸರಿನಲ್ಲಿ ಸಾಚಾ ಸಹಿಯ ಚೀಟಿ ಮಾಡಿಸಿಕೊಳ್ಳಬಹುದು. ಡೊಮೇನ್ ಅನ್ನುವ ಖಾನೆ ಇರುವುದು ಇದಕ್ಕೇ.

ಚೀಟಿ ನೋಡದೇ ಇದ್ದರೆ ಎಷ್ಟು ಅಪಾಯ? ಬಹಳ ಕಡೆ ಬಳಕೆಯಲ್ಲಿರುವ ಎಂಎಸ್‌ಚಾಪ್ ವಿ2 ಎಂಬ ವಿಧಾನದಲ್ಲಿ ಪಾಸ್‌ವರ್ಡು ನೇರವಾಗಿ ಹೋಗುವುದಿಲ್ಲ, ಅದನ್ನು ಕಲಸಿ ಮಾಡಿದ ಒಂದು ಉತ್ತರ ಹೋಗುತ್ತದೆ. ಹಾಗಾದರೆ ಭಯವಿಲ್ಲವಲ್ಲ ಅನ್ನಬೇಡಿ. 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಎಂಬಿಬ್ಬರು ಇದನ್ನು ಬಿಡಿಸುವುದೆಂದರೆ ಹಳೆಯ ಡೆಸ್ ಬೀಗವೊಂದನ್ನು ಮುರಿದಷ್ಟೇ ಕೆಲಸ, ಒಂದು ದಿನದೊಳಗೆ ಮುಗಿಯುತ್ತದೆ ಅಂತ ತೋರಿಸಿಕೊಟ್ಟರು. ಪಾಸ್‌ವರ್ಡು ಎಷ್ಟೇ ಉದ್ದವಿರಲಿ, ವ್ಯತ್ಯಾಸವಿಲ್ಲ. ಅಂದರೆ ಹೊರಗಿನ ಲಕೋಟೆಯೇ ದಿಕ್ಕು. ಆ ಲಕೋಟೆಯನ್ನು ಯಾರ ಕೈಗೆ ಕೊಡುತ್ತಿದ್ದೇವೆ ಅಂತ ನೋಡುವುದೊಂದೇ ಕಾವಲು.

ಪಕ್ಕದ ರೂಮಿನ ಸೀನಿಯರ್ ಆ ಎರಡು ನಿಮಿಷದಲ್ಲಿ ಮಾಡಿದ್ದೇನು ಗೊತ್ತೇ? ವಿಂಡೋಸಿನಲ್ಲಿ ಸರ್ಟಿಫಿಕೇಟ್ ಪರೀಕ್ಷೆಯ ಟಿಕ್ಕು ತೆಗೆದದ್ದು. ಆಂಡ್ರಾಯ್ಡಿನಲ್ಲಿ 'ಡು ನಾಟ್ ವ್ಯಾಲಿಡೇಟ್' ಆರಿಸಿದ್ದು. ಲಿನಕ್ಸಿನಲ್ಲಿ ಸರ್ಟಿಫಿಕೇಟ್ ಬೇಡ ಅನ್ನುವ ಡಬ್ಬಿಗೆ ಗುರುತು ಹಾಕಿದ್ದು. ಒಟ್ಟಿನಲ್ಲಿ ಕಾವಲುಗಾರನನ್ನು ಮನೆಗೆ ಕಳಿಸಿದ್ದು! ಗೂಗಲ್‌ನವರು 2020ರ ಡಿಸೆಂಬರಿನ ಅಪ್‌ಡೇಟಿನಲ್ಲಿ ಪಿಕ್ಸೆಲ್ ಫೋನುಗಳಿಂದ ಆ ಆಯ್ಕೆಯನ್ನೇ ತೆಗೆದುಹಾಕಿದಾಗ ವೈಫೈ ಹಾಳಾಯಿತು ಅಂತ ಗೊಣಗಿದವರೇ ಹೆಚ್ಚು.

* * *

ಈ ವರ್ಷ ಬಂದ ಹುಡುಗ ತಿಪಟೂರು ಕಡೆಯವನು. ತೆಂಗಿನ ತೋಟದ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಮಾಡಿ ಕಳಿಸಿದ್ದಾರೆ. ಲ್ಯಾಪ್‌ಟಾಪು ಅವನ ಅಕ್ಕ ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಪ್ಲಗ್ಗಿನಲ್ಲಿದ್ದರೆ ಮಾತ್ರ ಜೀವ. ಎರಡನೇ ವಾರದಲ್ಲೇ ಒಂದು ಸಂಜೆ ಫೋನು.

"ಅಣ್ಣ, ಫೋನಲ್ಲಿ ಬರ್ತೈತೆ, ಲ್ಯಾಪ್‌ಟಾಪಲ್ಲಿ ಏನ್ ಮಾಡಿದ್ರೂ ಬರ್ತಿಲ್ಲ. ಏಳು ಗಂಟೆಗೆ ಅಸೈನ್‌ಮೆಂಟ್ ಕೊಡ್ಬೇಕು. ಪಕ್ಕದ ರೂಮಿನವ್ರು ಸರ್ಟಿಫಿಕೇಟ್ ಟಿಕ್ ತೆಗೀತೀನಿ ಅಂತಾವ್ರೆ. ತೆಗಿಸ್ಲಾ?"

"ತಡಿಯಪ್ಪಾ. ಫೈಲು ಪೆನ್‌ಡ್ರೈವಿಗೆ ಹಾಕ್ಕೊಂಡು ಲೈಬ್ರರಿಗೆ ಬಾ, ಅಲ್ಲಿಯ ಕಂಪ್ಯೂಟರಿಂದ ಕಳ್ಸು. ಲ್ಯಾಪ್‌ಟಾಪೂ ತಗೊಂಡ್ಬಾ."

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಮೊದಲು ಆತುರ ಕಳೆಯಬೇಕು. ಆರೂವರೆಗೆಲ್ಲ ಅಸೈನ್‌ಮೆಂಟು ಹೋಯಿತು. ಆಮೇಲೆ ಲ್ಯಾಪ್‌ಟಾಪು ತೆರೆದೆವು. ಹುಡುಗ ಜಾಣ, ವಿಶ್ವವಿದ್ಯಾಲಯದ್ದೇ ಪ್ರೊಫೈಲನ್ನು ಫೋನಿನಲ್ಲಿ ಇಳಿಸಿಕೊಂಡು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿದ್ದಾನೆ. ಎಲ್ಲ ಸರಿಯಾಗಿದೆ. ಆದರೂ 'ಕನೆಕ್ಟ್ ಮಾಡಲಾಗುತ್ತಿಲ್ಲ' ಅನ್ನುವ ಒಂದೇ ಸಾಲು. ಯಾಕೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಹೆಲ್ಪ್ ಡೆಸ್ಕಿನವರು ಆಗಲೇ "ಉಳಿದವರಿಗೆಲ್ಲ ಬರ್ತಿದೆಯಲ್ಲ" ಅಂತ ಹೇಳಿ ಕಳಿಸಿದ್ದರಂತೆ.

"ಆ ಟಿಕ್ ತೆಗೆದ್ರೆ ಏನಾಗುತ್ತಣ್ಣ?"

"ಕನೆಕ್ಟ್ ಆಗುತ್ತೆ."

ಹಾಗಾದರೆ ಇವನದೇನು ರಾಮಾಯಣ ಅನ್ನುವ ಹಾಗೆ ನನ್ನ ಮುಖ ನೋಡಿದ :-)

ನಾನು ಕೇಳಿದೆ. ಈ ಪಾಸ್‌ವರ್ಡಿನಿಂದ ಇನ್ನೇನೇನು ತೆರೆಯುತ್ತೆ? ಅವನು ಬೆರಳು ಮಡಿಸುತ್ತಾ ಹೋದ. ಮೇಲು. ಮಾರ್ಕ್ಸು. ಕೋರ್ಸಿನ ನೋಂದಣಿ. ಫೀಸಿನ ಲೆಕ್ಕ. ಮೇಲಿನ ಒಳಗೆ ಬ್ಯಾಂಕಿನವರು ಕಳಿಸಿದ ಸಾಲದ ಕಾಗದ, ವೀಸಾದ ಕಾಗದ, ಪಾಸ್‌ಪೋರ್ಟಿನ ಪ್ರತಿ. ಐದು ಬೆರಳೂ ಮಡಿಸಿಯಾದಮೇಲೆ ಅವನೇ ಸುಮ್ಮನಾದ. ತೋಟದ ಪತ್ರ ಇಟ್ಟು ಬಂದ ಹುಡುಗನ ಇಡೀ ಎರಡು ವರ್ಷ ಆ ಒಂದು ಪಾಸ್‌ವರ್ಡಿನ ಹಿಂದೆ ಇತ್ತು.

ಸರಿ, ಚೀಟಿ ಯಾಕೆ ಹಿಡಿಸುತ್ತಿಲ್ಲ ಅಂತ ಹುಡುಕುತ್ತಾ ಕೂತೆವು. ಹೆಸರು ಸರಿ. ಸಹಿ ಸರಿ. ಸರ್ಟಿಫಿಕೇಟು ಯಾವಾಗಿನಿಂದ ಯಾವಾಗಿನವರೆಗೆ ಚಾಲ್ತಿ ಅಂತ ನೋಡಬೇಕಿತ್ತು. ಹಾಗೇ ಕಣ್ಣು ಪರದೆಯ ಬಲಗಡೆ ಮೂಲೆಗೆ ಹೋಯಿತು... ಜನವರಿ 1, 2016!

ನಕ್ಕು ನಕ್ಕು ಸಾಕಾಯಿತು. ಲ್ಯಾಪ್‌ಟಾಪಿನ ಒಳಗೆ ಗಡಿಯಾರ ನಡೆಸಲೆಂದೇ ಒಂದು ನಾಣ್ಯದಂಥ ಸೆಲ್ಲಿರುತ್ತದೆ. ಅದು ಸತ್ತಿದೆ. ಬ್ಯಾಟರಿಯೂ ಸತ್ತಿದೆ. ಪ್ಲಗ್ಗು ಕಿತ್ತಾಗಲೆಲ್ಲ ಕಾಲ ಹಿಂದಕ್ಕೆ ಹೋಗಿ 2016ರಲ್ಲಿ ಕೂರುತ್ತದೆ. ಸರ್ವರಿನ ಚೀಟಿ ಮಾಡಿಸಿದ್ದು ಆಮೇಲೆ. ಇನ್ನೂ ಹುಟ್ಟದೇ ಇರುವವನು ಬಂದು ಗುರುತಿನ ಚೀಟಿ ತೋರಿಸಿದರೆ ಯಾವ ಕಾವಲುಗಾರ ತಾನೇ ಬಿಟ್ಟಾನು? ಗಡಿಯಾರ ತಾನೇ ಸರಿಮಾಡಿಕೊಳ್ಳಬೇಕಾದರೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬೇಕಾದರೆ ಗಡಿಯಾರ ಸರಿಯಿರಬೇಕು. ಹುಚ್ಚು, ಮದುವೆ, ಮತ್ತದೇ ಕಥೆ!

ಹುಡುಗನ ಕೈಗಡಿಯಾರ ನೋಡಿ ದಿನ, ಸಮಯ ಕೂರಿಸಿದೆವು. ಮರುಕ್ಷಣ ಕನೆಕ್ಟ್ ಆಯಿತು. ಟಿಕ್ಕು ಇದ್ದಲ್ಲೇ ಇತ್ತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಟಿಕ್ಕು ತೆಗೆದಿದ್ದರೂ ಕನೆಕ್ಟ್ ಆಗುತ್ತಿತ್ತು. ಪಕ್ಕದ ರೂಮಿನವರು ಸುಳ್ಳು ಹೇಳಿರಲಿಲ್ಲ, ಕೆಟ್ಟವರೂ ಅಲ್ಲ. ಆದರೆ ಆ ಮದ್ದು ಯಾವ ರೋಗಕ್ಕೆ ಹಾಕಿದರೂ ಗುಣ ತೋರಿಸುತ್ತದೆ. ಗಡಿಯಾರ ಕೆಟ್ಟಿರಲಿ, ಹೆಸರು ತಪ್ಪಿರಲಿ, ಎದುರಿಗೆ ನಿಜವಾಗಿ ಕಳ್ಳನೇ ಕೂತಿರಲಿ, ಮೂರಕ್ಕೂ ಒಂದೇ ಔಷಧಿ! ಹಾಗಾಗಿಯೇ ಅದು ಬಾಯಿಂದ ಬಾಯಿಗೆ ವರ್ಷದಿಂದ ವರ್ಷಕ್ಕೆ ಹೋಗುತ್ತಲೇ ಇದೆ. ಕೆಲವು ವಿಶ್ವವಿದ್ಯಾಲಯಗಳ ಸಹಾಯ ಪುಟಗಳಲ್ಲೂ 'ಸರ್ಟಿಫಿಕೇಟ್ ಕೇಳಿದರೆ ಒಪ್ಪಿಕೊಳ್ಳಿ' ಅಂತಷ್ಟೇ ಬರೆದಿರುವುದನ್ನು ನೋಡಿದ್ದೇನೆ. ಏನು ನೋಡಿ ಒಪ್ಪಿಕೊಳ್ಳಬೇಕು ಅಂತ ಇಲ್ಲ.

* * *

ಆ ರಾತ್ರಿ ನನಗೆ ಬೇರೆಯದೇ ಯೋಚನೆ ಹತ್ತಿತು. ನಾವು ಗುರುತು ತೋರಿಸುವುದರಲ್ಲಿ ಬಹಳ ಪಳಗಿದವರು. ರೇಷನ್ ಕಾರ್ಡು, ಆಧಾರ್, ಜಾತಿ ಪ್ರಮಾಣಪತ್ರ, ಅದರ ಮೂರು ಜೆರಾಕ್ಸು, ಪ್ರತಿಯೊಂದಕ್ಕೂ ಗೆಜೆಟೆಡ್ ಆಫೀಸರ ಸಹಿ... ಕೌಂಟರಿನ ಈಚೆ ನಿಂತು ಕೇಳಿದ್ದನ್ನೆಲ್ಲ ಕೊಟ್ಟು ಅಭ್ಯಾಸ. ಕೌಂಟರಿನ ಆಚೆ ಕೂತವರನ್ನು "ತಾವು ಯಾರು ಸ್ವಾಮೀ?" ಅಂತ ಕೇಳಿ ಅಭ್ಯಾಸವಿಲ್ಲ. ಕೇಳಿದರೆ ಉದ್ಧಟತನ ಅನ್ನಿಸಿಕೊಳ್ಳುತ್ತೇವೆ. ದೊಡ್ಡ ಕಟ್ಟಡ, ದೊಡ್ಡ ಹೆಸರು ಕಂಡರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

'ಡಿಜಿಟಲ್ ಅರೆಸ್ಟ್' ಮೋಸ ನಡೆಯುವುದು ಇದೇ ದುರ್ಬಲ ಜಾಗದಲ್ಲಿ. ವಿಡಿಯೋ ಕಾಲಿನಲ್ಲಿ ಖಾಕಿ ಬಟ್ಟೆ, ಹಿಂದೆ ಒಂದು ಲಾಂಛನ, ಗಡಸು ದನಿ. ಓದಿದವರು, ನಿವೃತ್ತ ಅಧಿಕಾರಿಗಳು ಕೂಡ ಇದ್ದಬದ್ದದ್ದನ್ನೆಲ್ಲ ಹೇಳಿ, ಕೂಡಿಟ್ಟ ಹಣ ಕಳಿಸಿಬಿಟ್ಟರು. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೋ ಭಾಷಣದಲ್ಲಿ ಇದರ ಬಗ್ಗೆ ಎಚ್ಚರಿಸಬೇಕಾಯಿತು. ಆ ಕಳ್ಳರು ಮಾಡಿದ್ದೂ ಇಷ್ಟೇ. ಎದುರು ಛತ್ರಕ್ಕೆ ಬೋರ್ಡು ಹಾಕಿದ್ದು. ನಮ್ಮವರು ಚೀಟಿ ಕೇಳಲಿಲ್ಲ.

ವೈಫೈ ಫಾರಮ್ಮಿನ ಆ ಒಂದು ಖಾನೆ ನನಗೆ ಇಷ್ಟವಾಗುವುದು ಅದಕ್ಕೇ. ಎಷ್ಟೇ ದೊಡ್ಡ ವಿಶ್ವವಿದ್ಯಾಲಯವಾಗಿರಲಿ, ಮೊದಲು ಅದು ತನ್ನ ಗುರುತು ತೋರಿಸಬೇಕು, ಆಮೇಲೆ ನಾನು. ತಿಪಟೂರಿನಿಂದ ಬಂದ ಹುಡುಗನಿಗೂ ಕೇಳುವ ಹಕ್ಕಿದೆ ಅಂತ ಅದನ್ನು ಕಟ್ಟಿದವರು ಬರೆದಿಟ್ಟಿದ್ದಾರೆ. ಎರಡು ನಿಮಿಷ ಉಳಿಸಲು ಆ ಹಕ್ಕನ್ನು ನಾವೇ ಅಳಿಸಿಹಾಕಿದರೆ ಹೇಗೆ?

ಮುಂದಿನ ವರ್ಷ ಹೊರಡುವವರಿಗೆ, ಅವರ ಅಪ್ಪ ಅಮ್ಮಂದಿರಿಗೆ ನನ್ನ ಚಿಕ್ಕ ಪಟ್ಟಿ:

1. ವಿಶ್ವವಿದ್ಯಾಲಯದ ಯೂಸರ್‌ನೇಮು ಕೈಗೆ ಬಂದ ದಿನವೇ, ಇನ್ನೂ ನಮ್ಮೂರಿನಲ್ಲಿ ಇರುವಾಗಲೇ, 'ಎಜುರೋಮ್ ಕ್ಯಾಟ್' ತಾಣದಿಂದ ಅಥವಾ 'ಗೆಟ್‌ಎಜುರೋಮ್' ಆ್ಯಪಿನಿಂದ ನಿಮ್ಮ ವಿಶ್ವವಿದ್ಯಾಲಯದ ಪ್ರೊಫೈಲು ಹಾಕಿಕೊಳ್ಳಿ. ಆ ಉದ್ದದ ಫಾರಮ್ಮನ್ನು ಅದೇ ತುಂಬುತ್ತದೆ. ವಿಂಡೋಸು, ಮ್ಯಾಕು, ಲಿನಕ್ಸು ಎಲ್ಲಕ್ಕೂ ಇದೆ. ಅಲ್ಲಿ ನಿಮ್ಮ ಸಂಸ್ಥೆ ಸಿಗದಿದ್ದರೆ ಅವರ ಸಹಾಯ ಪುಟವನ್ನು ಪ್ರಿಂಟು ಹಾಕಿಸಿ ಇಟ್ಟುಕೊಳ್ಳಿ.

2. ಯೂಸರ್‌ನೇಮನ್ನು @ ಸಮೇತ ಪೂರ್ತಿ ಬರೆಯಿರಿ. ಕೊನೆಯಲ್ಲಿ ಖಾಲಿ ಜಾಗ ಬಿಟ್ಟಿಲ್ಲ ಅಂತ ನೋಡಿ. ಫೋನುಗಳು ತಾವಾಗಿಯೇ ಒಂದು ಸ್ಪೇಸು ಸೇರಿಸಿಬಿಡುತ್ತವೆ, ಕಣ್ಣಿಗೂ ಕಾಣುವುದಿಲ್ಲ.

3. ಸರ್ವರಿನ ಹೆಸರು ಏನು, ಸರ್ಟಿಫಿಕೇಟಿಗೆ ಸಹಿ ಯಾರದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಪರದೆಯ ಮೇಲೆ ಪ್ರಶ್ನೆ ಬಂದಾಗ ಹೋಲಿಸಿ ನೋಡಿ. ಹೆಲ್ಪ್ ಡೆಸ್ಕಿನವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಲು ಹೇಳಿ.

4. ಹಳೆಯ ಲ್ಯಾಪ್‌ಟಾಪಾದರೆ ಮೊದಲು ಗಡಿಯಾರ ನೋಡಿ! ಊರಿನಲ್ಲೇ ಸೆಲ್ಲು ಬದಲಾಯಿಸಿಕೊಂಡು ಬನ್ನಿ.

5. ಯಾರಾದರೂ ಎರಡು ನಿಮಿಷದಲ್ಲಿ ಮಾಡಿಕೊಡುತ್ತೇನೆ ಅಂದರೆ ಪಕ್ಕದಲ್ಲಿ ಕೂತು, ಏನು ಮಾಡಿದಿರಿ ಅಂತ ಕೇಳಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟು ಮಾಡಿಕೊಂಡು ಬನ್ನಿ. ಅಕ್ಕಿ ಬೇಳೆ, ಜಾಕೆಟ್ಟಿನ ವಿಷಯ ಮನೆಗೆ ಬಂದಾಗ ನಿಧಾನವಾಗಿ ಮಾತಾಡೋಣ. ಚಿತ್ರಾನ್ನ ಮಾಡಿರ್ತೀನಿ :-)